ಕ್ಯಾಸೆಟ್ಟಿನೊಳಗಿನ ಅರಬಿ ಲೆಕ್ಕ

ಕಾಪುವಿನ ಮಸೀದಿಯ ಹಿಂದಿನ ಓಣಿಯಲ್ಲಿ ಕುಂಞಿಪಾತುಮ್ಮನ ಬೆತ್ತದ ರುಚಿ ನೋಡದ ಮಕ್ಕಳಿರಲಿಲ್ಲ. ಅಕ್ಷರ ತಿದ್ದುವುದರಿಂದ ಹಿಡಿದು ಕುರ್‌ಆನ್ ಓದಿ ಮುಗಿಸುವವರೆಗೆ ಎಲ್ಲವೂ ಅವಳ ಜಗಲಿಯ ಮೇಲೆಯೇ. ಅರಬಿ ಅಂಕೆಗಳನ್ನೂ ಅವಳು ಚೆನ್ನಾಗಿ ಬರೆಸುತ್ತಿದ್ದಳು. ಒಂದೆಂದರೆ ನೆಟ್ಟ ಕೋಲು, ಐದೆಂದರೆ ಬಳೆ, ಸೊನ್ನೆಗೆ ಬರೀ ಚುಕ್ಕಿ. ಆದರೆ ಅವಳು ಅವನ್ನು ಕಲಿತದ್ದು ಕುರ್‌ಆನಿನ ವಾಕ್ಯಗಳ ತುದಿಯಲ್ಲಿದ್ದ ಗುರುತುಗಳನ್ನು ನೋಡಿ. ಹಾಗಾಗಿ ಬರೆಯುವುದು ಅರಬಿಯಲ್ಲಿ, ಬಾಯಲ್ಲಿ ಎಣಿಸುವುದು ಮನೆಮಾತಾದ ಬ್ಯಾರಿಯಲ್ಲಿ. ಓಣಿಯ ಹುಡುಗರು ಗಲ್ಫಿಗೆ ಹೋಗಲು ಶುರುಮಾಡುವವರೆಗೆ ಇದೊಂದು ಕೊರತೆಯೆಂದು ಯಾರಿಗೂ ಅನಿಸಿರಲಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ಅವಳ ಮಗ ಕಬೀರನಿಗೇ ಸೌದಿಯ ದಮ್ಮಾಮಿನ ಬಟ್ಟೆ ಅಂಗಡಿಯೊಂದರ ವೀಸಾ ಬಂತು. ಮಗನನ್ನು ತನ್ನ ಕೈಯಾರೆ ತಯಾರು ಮಾಡಿ ಕಳಿಸುತ್ತೇನೆಂದು ಪಾತುಮ್ಮ ಹಲಗೆ ತೊಳೆದು ಕೂತಳು. ಅವನು ಬರೆದದ್ದೇನೋ ಮುತ್ತಿನಂತೆಯೇ ಬರೆದ.

“ಆದರೆ ಉಮ್ಮಾ, ಗಿರಾಕಿ ಬಂದು ಎಷ್ಟು ಅಂತ ಕೇಳಿದರೆ ಬಾಯಲ್ಲಿ ಎಂತ ಹೇಳುವುದು?”

ಪಾತುಮ್ಮ ಹಲಗೆ ಕೆಳಗಿಟ್ಟಳು. ಉತ್ತರ ಇದ್ದದ್ದು ಎದುರು ಮನೆಯ ಖದೀಜಮ್ಮನ ಬಳಿ. ಬೆಳ್ಮಣ್ಣಿನಿಂದ ಮದುವೆಯಾಗಿ ಬಂದ ಹುಡುಗಿ. ಅವಳ ಗಂಡ ಜಮಾಲುದ್ದೀನ್ ದಮ್ಮಾಮಿನಿಂದ ಕಾಗದ ಬರೆಯುವ ಬದಲು ಮಾತನ್ನು ಟೇಪು ಮಾಡಿ, ಬರುವವರ ಕೈಯಲ್ಲಿ ಕ್ಯಾಸೆಟ್ಟು ಕಳಿಸುತ್ತಿದ್ದ. ಒಂದರಲ್ಲಿ ಹೆಂಡತಿಗೆ ತಮಾಷೆಗೆಂದು ಅರಬಿ ಲೆಕ್ಕ ಹೇಳಿಕೊಟ್ಟಿದ್ದ: ಒಂದಕ್ಕೆ ವಾಹದ್, ಎರಡಕ್ಕೆ ಇಸ್ನೈನ್, ಮೂರಕ್ಕೆ ತಲಾತ. ಗಲ್ಫಿಗೆ ಹೊರಟ ಹುಡುಗರೆಲ್ಲ ಸಂಜೆಯಾದರೆ ಅವಳ ಜಗಲಿಯಲ್ಲಿ ಕೂತು ಅದಕ್ಕೆ ದನಿಗೂಡಿಸತೊಡಗಿದರು.

ಮೀನು ಮಾರುವ ಮೋಹಿನಿ ಬುಟ್ಟಿ ಇಳಿಸುತ್ತಲೇ ಸುದ್ದಿ ಮುಟ್ಟಿಸಿದಳು. “ಪಾತುಮ್ಮಕ್ಕ, ನಿಮ್ಮ ಕಬೀರನೂ ಅಲ್ಲಿ ಉಂಟು ಮಾರಾಯ್ರೆ! ಎಲ್ಲರಿಗಿಂತ ದೊಡ್ಡ ಸ್ವರ ಅವನದ್ದೇ.”

ಪಾತುಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ದಿನ ಬಂಗುಡೆ ತಾಜಾ ಇದ್ದರೂ ಕೊಳೆತಿದೆಯೆಂದು ಮೋಹಿನಿಯ ಮೇಲೆ ಹರಿಹಾಯ್ದಳು. ಇಡೀ ಊರಿನ ಮಕ್ಕಳಿಗೆ ಓದಿಸಿದವಳು ತಾನು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹೋಗಿ ಕೂತದ್ದು ನಿನ್ನೆ ಮೊನ್ನೆ ಬಂದವಳ ಜಗಲಿಯಲ್ಲಿ! ಅದೂ ಒಂದು ಪ್ಲಾಸ್ಟಿಕ್ಕಿನ ಡಬ್ಬಿಯ ಎದುರು. ಮಗ ದೂರ ಹೋಗುತ್ತಾನೆಂಬ ಸಂಕಟಕ್ಕಿಂತ, ಬೇರೆಯವಳು ಕಲಿಸಿದ್ದನ್ನು ಕಟ್ಟಿಕೊಂಡು ಹೋಗುತ್ತಾನೆಂಬ ಸಂಕಟವೇ ಅವಳಿಗೆ ದೊಡ್ಡದಾಯಿತು.

ಆಮೇಲೆ ಒಂದು ಉಪಾಯ ಹೊಳೆಯಿತು. ಹುಡುಗರ ಸ್ವರ ಕೇಳಿ ಮೂರರವರೆಗೆ ಅವಳಿಗೂ ಬಾಯಿಗೆ ಬಂದಿತ್ತು. ಮಿಕ್ಕದ್ದನ್ನು ಆ ಡಬ್ಬಿಯಿಂದ ತಾನೇ ಗುಟ್ಟಾಗಿ ಕಲಿತು ಮಗನಿಗೆ ಕಲಿಸಿಬಿಟ್ಟರೆ? ಮಧ್ಯಾಹ್ನ ಎದುರು ಮನೆಗೆ ಹೋಗಿ, ಗಲ್ಫಿನ ಸಾಮಾನು ಹೇಗಿರುತ್ತದೆಂದು ನೋಡಬೇಕು ಎಂದಳು. ಖದೀಜಮ್ಮ ಖುಷಿಯಿಂದ ಟೇಪ್ ರೆಕಾರ್ಡರನ್ನು ಕ್ಯಾಸೆಟ್ಟಿನ ಸಮೇತ ಕೈಗಿಟ್ಟಳು. “ತೆಕ್ಕೊಂಡು ಹೋಗಿ ಉಮ್ಮಾ. ಹೇಗೆ ಹಾಕುವುದು ಅಂತ ತೋರಿಸಲಾ?”

“ನನಗೆ ಗೊತ್ತುಂಟು,” ಎಂದಳು ಪಾತುಮ್ಮ. ಇವಳಿಗೆ ತಾನು ಯಾವ ಲೆಕ್ಕದಲ್ಲಿ ಉಮ್ಮ ಎಂದು ಸಿಟ್ಟೂ ಬಂತು.

ಖದೀಜಮ್ಮ ಗಂಡನಿಗೆ ಉತ್ತರ ಹೇಳುವುದನ್ನು ಅವಳು ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಳು. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತುತ್ತಾಳೆ, ಗಂಡನ ಜೊತೆ ಮಾತಾಡುತ್ತಾಳೆ. ಪಾತುಮ್ಮನೂ ಬಾಗಿಲು ಹಾಕಿ ಎರಡನ್ನೂ ಒಟ್ಟಿಗೆ ಒತ್ತಿದಳು. ಒಳಗೆ ಟೇಪು ತಿರುಗುತ್ತಿತ್ತು, ಸದ್ದಿಲ್ಲ. ಕಾದಳು. ಕಿವಿಯಿಟ್ಟಳು. ಕೊನೆಗೆ ತಾಳ್ಮೆ ತಪ್ಪಿ ಬಾಯಿಗೆ ಬಂದಂತೆ ಬೈದು, ಅದನ್ನು ಹಾಗೆಯೇ ತಿರುಗಲು ಬಿಟ್ಟು ಎದ್ದುಹೋದಳು. ಸಂಜೆಗೆ ಅದನ್ನು ತಿರುಗಿ ಕೊಡುವಾಗ, ಹಾಳಾದದ್ದು ಹಾಳಾಯಿತು ಎಂದು ಒಳಗೊಳಗೆ ಹಿಗ್ಗಿದಳು.

ಆ ಹಿಗ್ಗಿನಲ್ಲೇ ಹುಡುಗರು ಪೆಚ್ಚಾಗುವುದನ್ನು ನೋಡಲು ಖದೀಜಮ್ಮನ ಬೇಲಿಯ ಹತ್ತಿರ ಹೋಗಿ ನಿಂತಳು. ಖದೀಜಮ್ಮ ಟೇಪನ್ನು ಮೊದಲಿಗೆ ತಿರುಗಿಸಿ ಗುಂಡಿ ಒತ್ತಿದಳು. “ವಾಹದ್,” ಎಂದ ಜಮಾಲುದ್ದೀನ್. “ಇಸ್ನೈನ್. ತಲಾತ.” ಟಕ್ ಎಂದು ಸದ್ದಾಯಿತು. ಸ್ವಲ್ಪ ಗರಗರವೆಂದ ಮೇಲೆ ಜಗಲಿಯ ತುಂಬ ಕೇಳಿದ್ದು ಪಾತುಮ್ಮನ ಸ್ವರ.

“ಮಾತಾಡು ಮಾರಾಯ! ಬಾಯಿಗೆ ಎಂತ ಬಡಿಯಿತು ನಿನಗೆ? ಬೆಳ್ಮಣ್ಣಿನವಳು ಒತ್ತಿದರೆ ಮಾತ್ರ ಮಾತಾಡುವುದಾ? ಅಲಿಫ್ ನೆಟ್ಟಗೆ ಬರೆಯಲಿಕ್ಕೆ ಬಾರದವಳು ನನ್ನ ಕಬೀರನನ್ನೂ ಎಳೆದುಕೊಂಡಳಲ್ಲ! ಊರಿಗೆಲ್ಲ ಕಲಿಸಿದೆ, ನನ್ನ ಮಗನಿಗೆ ನಾನು ಸಾಕಾಗುವುದಿಲ್ಲವಾ? ಹೇಳು. ನಾಲ್ಕಕ್ಕೆ ಎಂತ ಹೇಳುವುದು? ಅದೊಂದು ಹೇಳು, ಅವನಿಗೆ ನಾನು ಹೇಳಿಕೊಡ್ತೇನೆ. ಅವನು ಹೋಗುವ ಮೊದಲು ನಾನೇ ಹೇಳಿಕೊಡಬೇಕು.”

ಹುಡುಗರು ನಗು ತಡೆದುಕೊಂಡು ನೆಲ ನೋಡಿದರು. ಬೇಲಿಯಾಚೆ ಪಾತುಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಖದೀಜಮ್ಮ ನಗಲಿಲ್ಲ. ಟೇಪನ್ನು ಮುಂದೆ ಓಡಿಸಿ ಕೇಳಿದಳು, ಇನ್ನಷ್ಟು ಓಡಿಸಿ ಕೇಳಿದಳು. ಲೆಕ್ಕ ಮುಗಿದ ಮೇಲೆ ಗಂಡ ಅವಳೊಬ್ಬಳಿಗೇ ಆಡಿದ್ದ ಮಾತುಗಳಿದ್ದವು. ಆ ಕೆಂಪು ಗುಂಡಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಸುವಂಥದ್ದು, ಅವೂ ಉಳಿದಿರಲಿಲ್ಲ.

“ಗೊತ್ತಾಗಲಿಲ್ಲ ಮಗಳೇ,” ಎಂದಳು ಪಾತುಮ್ಮ ಒಳಗೆ ಬಂದು.

ಖದೀಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕ್ಯಾಸೆಟ್ಟನ್ನು ಹೊರತೆಗೆದು ಕಬೀರನ ಕೈಯಲ್ಲಿಟ್ಟಳು. “ಇದು ನೀನು ತೆಕ್ಕೊಂಡು ಹೋಗು. ನನ್ನವರು ಇನ್ನೊಂದು ಕಳಿಸ್ತಾರೆ. ಅಲ್ಲಿ ನಿನಗೆ ಉಮ್ಮನ ಸ್ವರ ಎಲ್ಲಿ ಸಿಗ್ತದೆ?”

“ಬೇಡ, ಬೇಡ!” ಪಾತುಮ್ಮ ಕೈ ಚಾಚಿದಳು. “ಅದರಲ್ಲಿ ಬರೀ ಬೈಗುಳ ಉಂಟು. ಒಳ್ಳೆಯದು ನಾಲ್ಕು ಮಾತು ಹೇಳ್ತೇನೆ, ಅದನ್ನು ತೆಕ್ಕೊಂಡು ಹೋಗು.”

“ಇದೇ ಇರಲಿ ಉಮ್ಮಾ,” ಎಂದು ಕಬೀರ ಅದನ್ನು ಕಿಸೆಗೆ ಹಾಕಿಕೊಂಡ. “ನಾಲ್ಕಕ್ಕೆ ಅರ್ಬ ಅಂತ ಹೇಳುವುದು.”

ಪಾತುಮ್ಮ ಅರಬ ಎಂದಳು. ಮಗ ತಿದ್ದಿದ, ಇನ್ನೊಮ್ಮೆ ಹೇಳಿದಳು. ಹೇಳುತ್ತಲೇ ಕಳ್ಳಗಣ್ಣಿನಿಂದ ಖದೀಜಮ್ಮನನ್ನು ನೋಡಿದಳು. ಗಂಡನ ಮಾತು ಕಳೆದುಕೊಂಡು ಕೂಡ ಕ್ಯಾಸೆಟ್ಟನ್ನೇ ಕೊಟ್ಟುಬಿಟ್ಟಳಲ್ಲ, ಆ ಮನಸ್ಸು ತನಗೆ ಯಾಕೆ ಬರಲಿಲ್ಲವೆಂದು ಅವಳ ಹೊಟ್ಟೆ ಮತ್ತೆ ಉರಿಯಿತು.