ಭರತದ ಹೊತ್ತಿಗೆ ಬಂದ ಸಾಹೇಬರು

ಗಂಡಸರು ಲೋಕನಾಥನ ಹೆಣ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗಲೇ ಮೀನುಗಾರರ ಮುಕ್ತಾ ಗೋಡೆಗೊತ್ತಿಕೊಂಡು ಮೇಲೆ ಬಂದಳು.

“ವಹಿನಿ, ಸಾಹೇಬ್ ಆಲೇತ್. ಖಾಡಿವರ್ ಜೀಪ್ ಆಹೇ.”

ಸಾಹೇಬರು ಬಂದಿದ್ದಾರೆ, ಖಾಡಿಯ ಹಿನ್ನೀರ ದಂಡೆಯಲ್ಲಿ ಜೀಪು ನಿಂತಿದೆ: ಅಷ್ಟು ಮರಾಠಿ ಸುಂದರಿಗೆ ಸಾಕು. ಕಣ್ಣೊರೆಸಿಕೊಂಡು ಎದ್ದಳು. ನಾದಿನಿ ಜಯಲತಾ ಕೈ ಹಿಡಿದಳು.

“ಅತ್ತಿಗೆ, ಅಣ್ಣ ಇನ್ನೂ ಬೀದಿ ಕೊನೆಯ ನಾಕಾ ದಾಟ್ಲಿಲ್ಲ. ಎಲ್ಲಿಗೆ ಹೊರಟದ್ದು? ಜನ ಏನು ಹೇಳಿಯಾರು?”

“ಹೆಂಗಸರು ಸ್ಮಶಾನಕ್ಕೆ ಹೋಗ್ಬಾರ್ದು ಅಂತ ಉಂಟು. ಖಾಡಿಗೆ ಹೋಗ್ಬಾರ್ದು ಅಂತ ಯಾರೂ ಹೇಳ್ಲಿಲ್ಲ.”

*

ಲೋಕನಾಥ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು. ವಾರಕ್ಕೊಂದು ರಜೆ, ಅಂದು ಕಾಲು ಚಾಚಿ ಮಲಗುವುದು ಬಿಟ್ಟು ಖಾಡಿಯ ಕೆಸರಿಗಿಳಿಯುತ್ತಿದ್ದ. ಉಪ್ಪುನೀರಿನಂಚಿಗೆ ಬೆಳೆಯುವ ಕಾಂಡ್ಲಾ ಕಾಡು ಕಡಿದ ಮೇಲೆ ಬಲೆಗೆ ಮೀನಿಲ್ಲವೆಂದು ಮುಕ್ತಾ ಗೋಳಾಡಿದ್ದೇ ಶುರು. ಅವಳ ಕೇರಿಯವರು ಬೀಜ ಆರಿಸಿ ತರುವರು, ಇವನೂ ಕೂಡಿ ನೆಡುವನು. ಲಾರಿಗಳು ಬಂದು ಅದರ ಮೇಲೆ ಕಲ್ಲುಮಣ್ಣು ಸುರಿದು ಹೋಗುವವು. ಮತ್ತೆ ನೆಡುವರು.

ಮಣ್ಣು ಸುರಿಯುವುದು ನಿಲ್ಲಿಸಿ ಎಂದು ಎಪ್ಪತ್ತೆಂಟರಿಂದ ಎಂಬತ್ನಾಲ್ಕರವರೆಗೆ ಅರ್ಜಿ ಬರೆದ. ಪ್ರತಿ ಅರ್ಜಿಯ ಕೊನೆಗೂ ಒಂದೇ ಬೇಡಿಕೆ: ನೀರು ಇಳಿದಾಗ ಬನ್ನಿ. ಗಿಡಗಳು ಮೊಣಕಾಲೆತ್ತರ, ಭರತ ಬಂದರೆ ಮುಳುಗುತ್ತವೆ. ಸರಕಾರಕ್ಕೆ ಭರತವೇನು, ಇಳಿತವೇನು! ಅಮಾವಾಸ್ಯೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಭರತ ತುಂಬಿ ನಿಲ್ಲುವ ಹೊತ್ತಿಗೇ, ತನಿಖೆಯೆಂದು ಪತ್ರ ಬಂತು. ಗಿಡ ಇಲ್ಲವೆಂದು ವರದಿಯಾದರೆ ಮಣ್ಣು ತುಂಬಲು ಪರವಾನಗಿ. ಹೊತ್ತು ಬದಲಿಸಿ ಎಂದು ಮೂರು ದಿನ ಕಚೇರಿಗೆ ಅಲೆದ. ನಾಲ್ಕನೆಯ ದಿನ ಎದೆ ಹಿಡಿದುಕೊಂಡು ಕುಸಿದ.

*

ಖಾಡಿ ತುಂಬಿ ನಿಂತಿತ್ತು. ತನಿಖೆಗೆ ಬಂದ ಶಿವಪುತ್ರಪ್ಪ ಸಾಹೇಬರು, ಅವರೂ ಬಯಲುಸೀಮೆಯ ಕನ್ನಡಿಗರೇ, ಬೂಟು ಕೆಸರಾಗದಷ್ಟು ದೂರದಲ್ಲಿ ನಿಂತಿದ್ದರು.

“ಏನವ್ವಾ, ಬರೇ ನೀರ ಐತಿ. ಗಿಡ ಎಲ್ಲಿ?”

“ಅಡಿಯಲ್ಲಿ ಉಂಟು ಸಾರ್. ಸಂಜೆ ಆರಕ್ಕೆ ನೀರು ಇಳೀತದೆ, ಅಷ್ಟು ನಿಲ್ಲಿ.”

“ಆರಕ್ಕ ಆಫೀಸ್ ಬಂದ್ ಆಗಿರತೈತಿ. ಅರ್ಜಿ ಬರದವ್ರು ಎಲ್ಲದಾರ?”

“ಈಗಷ್ಟೇ ಸುಡ್ಲಿಕ್ಕೆ ಕೊಂಡುಹೋದ್ರು.”

ಸಾಹೇಬರ ಪೆನ್ನು ನಿಂತಿತು. “ಛೇ, ಪಾಪ. ಆದ್ರ ನಾ ಕಣ್ಣಿಲೆ ಕಂಡದ್ದಷ್ಟ ಬರೀಬೇಕವ್ವಾ.” ಪೆನ್ನು ಮತ್ತೆ ಓಡತೊಡಗಿತು.

ಸುಂದರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಕಾಲಲ್ಲಿ ತಡಕಿ, ಬಗ್ಗಿ, ಗಂಡ ನೆಟ್ಟ ಗಿಡವೊಂದರ ಬುಡ ಹಿಡಿದಳು.

“ನಕೋ ವಹಿನಿ, ನಕೋ!” ದಂಡೆಯಿಂದ ಮುಕ್ತಾ ಬೇಡ ಬೇಡವೆಂದು ಚೀರಿದಳು.

ಬೇರು ಚೆನ್ನಾಗಿ ಊರಿತ್ತು, ಬಿಡಲೊಲ್ಲದು. ಸುಂದರಿ ಅಳುತ್ತಲೇ ಎರಡೂ ಕೈಯಲ್ಲಿ ಎಳೆದಳು. ಕಿತ್ತು ಬಂದ ಗಿಡವನ್ನು ತಂದು ಸಾಹೇಬರ ಮುಂದೆ ಹಿಡಿದಳು. ಬೇರಿನಲ್ಲಿ ಏಡಿಮರಿಯೊಂದು ಅಂಟಿಕೊಂಡಿತ್ತು.

ಸಾಹೇಬರು ಗಿಡವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಹೂಂ, ಒಂದು,” ಎಂದು ಬರೆದುಕೊಂಡರು. “ಮತ್ತ?”

ಸುಂದರಿ ಅವರ ಮುಖವನ್ನೇ ನೋಡಿದಳು. ಆಮೇಲೆ ಇನ್ನೊಂದು ಗಿಡಕ್ಕಾಗಿ ತಿರುಗಿ ನೀರಿಗಿಳಿದಳು.