ಉಲ್ಹಾಸನಗರದ ಗುರುವಾರಗಳು

ಮೂರು ತಿಂಗಳಿಗೊಮ್ಮೆ ಬರುವ ಆ ಗುರುವಾರವನ್ನು ರತ್ನಾವತಿ ಹಬ್ಬದ ಹಾಗೆ ಕಾಯುತ್ತಿದ್ದಳು. ಆ ದಿನ ಡೊಂಬಿವಲಿಯ ಅವಳ ಮನೆಯಲ್ಲಿ ಒಲೆ ಹಚ್ಚುವ ಕೆಲಸವಿಲ್ಲ. ಸ್ಟೇಶನ್ ಪಕ್ಕದ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಗಂಡ ಲೀಲಾಧರ ಬೆಳಿಗ್ಗೆಯೇ ಇಡ್ಲಿ ಕಟ್ಟಿಸಿ ತಂದುಕೊಟ್ಟು, "ರಾತ್ರಿಗೂ ನಾನೇ ತರ್ತೇನೆ. ನೀನು ಆಸ್ಪತ್ರೆಯಿಂದ ಬಂದು ಸುಮ್ಮನೆ ಮಲಗು ಮಾರಾಯ್ತಿ" ಎನ್ನುತ್ತಿದ್ದ. ರತ್ನಾವತಿ ಒಳ್ಳೆಯ ಸೀರೆ ಉಟ್ಟು, ಆಸ್ಪತ್ರೆಯ ಹಸಿರು ಫೈಲನ್ನು ಚೀಲಕ್ಕೆ ತುರುಕಿ, ಕಾಯಿಲೆಯವಳಿಗೆ ತಕ್ಕ ಮುಖ ಮಾಡಿಕೊಂಡು ಹೊರಡುತ್ತಿದ್ದಳು. ಸ್ಟೇಶನ್ನಿನ ಸೇತುವೆ ಹತ್ತುವವರೆಗೆ ಮಾತ್ರ ಆ ಮುಖ. ಆಸ್ಪತ್ರೆ ಇದ್ದದ್ದು ನವಿ ಮುಂಬೈಯಲ್ಲಿ. ಠಾಣೆಯ ಕಡೆಯ ಗಾಡಿ ಹಿಡಿಯಬೇಕು. ಅವಳು ಎದುರಿನ ಪ್ಲಾಟ್‌ಫಾರ್ಮಿಗೆ ಇಳಿದು ಕರ್ಜತ್ ಗಾಡಿ ಹತ್ತಿ ಉಲ್ಹಾಸನಗರಕ್ಕೆ ಹೋಗುತ್ತಿದ್ದಳು.

ಅಲ್ಲಿ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಮ್ಯಾಕ್ಸಿ ಹೊಲಿಸುವ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು, ನಾಲ್ಕು ಅಂಗಡಿಯವರಿಗೆ ಆಸೆ ಹುಟ್ಟಿಸಿ ಐದನೆಯವನ ಹತ್ತಿರ ಕೊಳ್ಳುವುದು, ಮೂಲೆಯ ಗಾಡಿಯಲ್ಲಿ ನಿಂತು ದಾಲ್ ಪಕ್ವಾನ್ ತಿನ್ನುವುದು. ನಾಲ್ಕು ಗಂಟೆಗೆ ಮತ್ತೆ ಆ ಮುಖ ಹಾಕಿಕೊಂಡು ಮನೆಗೆ.

"ಎಂತ ಹೇಳಿದ್ರು?" ಎಂದು ಲೀಲಾಧರ ಕೇಳುತ್ತಿದ್ದ.

"ಎಂತ ಇಲ್ಲ."

"ಹಾಂ, ಒಳ್ಳೆದಾಯ್ತು."

ಅಷ್ಟಕ್ಕೆ ಅವರ ಆಸ್ಪತ್ರೆಯ ಮಾತು ಮುಗಿಯುತ್ತಿತ್ತು. ಹೀಗೆ ಮೂರು ಗುರುವಾರ ಕಳೆದಿದ್ದವು.

ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ರತ್ನಾವತಿಗೆ ಐವತ್ತೆರಡು. ಐದು ವಾರ ದಿನವೂ ಹೋಗಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡಳು. ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸದೆ ಇದ್ದದ್ದಕ್ಕೆ ಕಾರಣ ಶರಣಬಸಮ್ಮ. ಆ ಹೆಂಗಸು ಕಲಬುರಗಿ ಕಡೆಯವಳು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲರಿಗೆ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಹೊತ್ತು, ಒಂದೇ ಬೆಂಚು. ಕರೆಂಟಿನ ಕೋಣೆಗೆ ಹೋಗುವ ಮೊದಲು ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು ಕೂತಿರಬೇಕು. ಶರಣಬಸಮ್ಮನಿಗೆ ತನ್ನ ಅತ್ತೆಯೂ ಅತ್ತೆಯ ಎಮ್ಮೆಯೂ ಜಗಳವಾಡಿದ ಕತೆ ಸರಿಯಾಗಿ ಅದೇ ಹೊತ್ತಿಗೆ ನೆನಪಾಗುತ್ತಿತ್ತು.

"ನಗಿಸ್ಬೇಡಿ ಮಾರಾಯ್ರೆ, ಇಲ್ಲೇ ಹೋಗ್ತದೆ ಈಗ" ಎಂದು ರತ್ನಾವತಿ ಕಾಲು ಹೆಣೆದುಕೊಂಡು ಬೇಡುತ್ತಿದ್ದಳು.

"ಹೋಗ್ಲಿ ಬಿಡ್ರೀ ಅಕ್ಕಾರ, ಇಷ್ಟು ದೊಡ್ಡ ದವಾಖಾನಿ, ಒರೆಸಾಕ ಮಂದಿ ಇಲ್ಲೇನು?"

ಚಿಕಿತ್ಸೆ ಮುಗಿಯಿತು. ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಮೊದಲ ಸಲ ರತ್ನಾವತಿ ಹೋದಾಗ ಬೆಂಚಿನಲ್ಲಿ ಶರಣಬಸಮ್ಮ ಇರಲಿಲ್ಲ. ಪರದೆಯ ಹಿಂದೆ ಮಲಗಿಸಿ ಒಳಗೆ ಪರೀಕ್ಷೆ ಮಾಡಿದಾಗ ಜೀವ ಹೋದಷ್ಟು ನೋವಾಯಿತು. ಹಲ್ಲು ಕಚ್ಚಿ ಸುಮ್ಮನಿದ್ದಳು. ಎಲ್ಲ ಸರಿ ಇದೆ ಎಂದರು. ಎರಡನೆಯ ಸಲವೂ ಶರಣಬಸಮ್ಮ ಇಲ್ಲ. ಫೋನ್ ಮಾಡಿದರೆ, ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಮರಾಠಿಯಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಕೇಳಿಸಿತು. ಕೌಂಟರಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ, ಅವರು ಪುಸ್ತಕ ತೆಗೆದು ನೋಡಿ, ತಲೆ ಬಗ್ಗಿಸಿದರೆ? ಮೂರನೆಯ ಸಲ ಅವಳ ಕಾಲುಗಳು ತಾವಾಗಿಯೇ ಎದುರಿನ ಪ್ಲಾಟ್‌ಫಾರ್ಮಿಗೆ ನಡೆದಿದ್ದವು.

ಒಂದು ಮಂಗಳವಾರ ಅವಳು ಮೀನು ಕೊಯ್ಯುತ್ತಿದ್ದಾಗ ಫೋನ್ ಬಂತು.

"ಆಂಟಿ, ನಾನು ಹಾಸ್ಪಿಟಲಿಂದ ಮಾನಸಿ. ನಿಮ್ದು ಮೂರು ವಿಸಿಟ್ ಮಿಸ್ ಆಗಿದೆ, ಮಾಲೂಮ್ ಉಂಟಲ್ಲ?"

ಠಾಣೆಯಲ್ಲೇ ಹುಟ್ಟಿ ಬೆಳೆದ, ಊರಿನ ಮಾತನ್ನು ಅಜ್ಜಿಯಿಂದ ಅರ್ಧ ಕಲಿತ ಈ ಹುಡುಗಿಗೆ ಆಸ್ಪತ್ರೆಯವರು ಕನ್ನಡದ ರೋಗಿಗಳನ್ನೆಲ್ಲ ಒಪ್ಪಿಸಿದ್ದರು.

"ಮೊಣಕಾಲು ನೋವು ಮಗಾ" ಎಂದಳು ರತ್ನಾವತಿ.

"ಹೋದ ಸಲವೂ ಮೊಣಕಾಲು ಅಂತ ಬರ್ಸಿದ್ರಿ. ಅದು ಎಡದ್ದಾ, ಬಲದ್ದಾ?"

ರತ್ನಾವತಿಗೆ ನಗು ಬಂತು. ನಗುವಿನ ಬೆನ್ನಿಗೇ, ಒಂಬತ್ತು ತಿಂಗಳಿಂದ ಯಾರಿಗೂ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಹೊರಬಿತ್ತು. "ಮಾನಸೀ, ಕಳಂಬೋಲಿಯ ಶರಣಬಸಮ್ಮ ಅಂತ ಒಬ್ಬರು ಇದ್ರು…"

"ಬೇರೆಯವ್ರದ್ದು ನಾನು ಹೇಳ್ಲಿಕ್ಕಿಲ್ಲ ಆಂಟಿ, ರೂಲ್ ಉಂಟು." ಆ ಕಡೆ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿಸಿತು. "ಕಳಂಬೋಲಿಯ ಒಂದು ನಂಬರಿಗೆ ಫೋನ್ ಮಾಡಿ ಮಾಡಿ ಥಕ್ ಹೋದೆ ನಾನು. ಅಷ್ಟೇ ಹೇಳ್ತೇನೆ. ಯಾರಿಗಾದ್ರೂ ಸಿಕ್ಕಿದ್ರೆ ಕರ್ಕೊಂಡು ಬನ್ನಿ."

ಸತ್ತವರ ನಂಬರಿಗೆ ಯಾರೂ ಫೋನ್ ಮಾಡಿ ಮಾಡಿ ಸುಸ್ತಾಗುವುದಿಲ್ಲ. ಅದು ಹೊಳೆದದ್ದೇ ರತ್ನಾವತಿ ಮೀನಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿ ತಾಳಲಾರದೆ ನಲ್ಲಿಯ ಕಡೆ ಓಡಿದಳು.

ಅದೇ ವಾರದ ಗುರುವಾರ ಅವಳು ಠಾಣೆ ಗಾಡಿಯನ್ನೂ ಹತ್ತಲಿಲ್ಲ, ಕರ್ಜತ್ ಗಾಡಿಯನ್ನೂ ಹತ್ತಲಿಲ್ಲ. ಪನವೇಲಿನ ಬಸ್ಸು ಹಿಡಿದು ಕಳಂಬೋಲಿಯಲ್ಲಿ ಇಳಿದಳು. ಎತ್ತ ನೋಡಿದರೂ ಟ್ರಕ್ಕುಗಳು, ಮನೆಯೆತ್ತರದ ಕಬ್ಬಿಣದ ಸುರುಳಿಗಳು, ಸರಳುಗಳನ್ನು ಕೆಳಗೆ ಹಾಕುವಾಗ ಎದೆ ನಡುಗಿಸುವ ಸದ್ದು. ರೊಟ್ಟಿ ಮಾರುವ ಹೆಂಗಸು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರೆ ಒಬ್ಬ ಢಾಬಾ ತೋರಿಸಿದ, ಇನ್ನೊಬ್ಬ ಬೇಕರಿ ತೋರಿಸಿದ. ಕೊನೆಗೆ ಒಂದು ಸಣ್ಣ ಚಾ ಹೋಟೆಲಿನ ಗೋಡೆಯ ಮೇಲೆ ತನ್ನ ಊರ ಕಡೆಯ ಸೊಸೈಟಿಯ ಕನ್ನಡ ಕ್ಯಾಲೆಂಡರು ಕಂಡು ಒಳಗೆ ನುಗ್ಗಿದಳು. ಯಜಮಾನ ಮುಂಡಪ್ಪ, ಬಿಳಿ ಮೀಸೆಯ ಮುದುಕ, ಅವಳ ಎರಡು ಮಾತು ಕೇಳಿದ್ದೇ ಕುರ್ಚಿ ಎಳೆದ.

"ಯಾವ ಊರು ನಿಮ್ಮದು?"

"ಮೂಲ್ಕಿ. ಅಣ್ಣಾ, ಊರಿನ ವಿಷಯ ಮತ್ತೆ ಮಾತಾಡುವ. ಜೋಳದ ರೊಟ್ಟಿಯ ಶರಣಬಸಮ್ಮ ಎಲ್ಲಿ? ಇದ್ದಾರಾ?"

"ಇದ್ದಾರಾ ಅಂದ್ರೆ? ಅವರ ಬಾಯಿ ನಿಮಗೆ ಇಲ್ಲಿಗೆ ಕೇಳುದಿಲ್ವಾ?"

ನಿಜವಾಗಿಯೂ ಕೇಳುತ್ತಿತ್ತು. ಟ್ರಕ್ಕು ತೂಗುವ ಕಟ್ಟೆಯ ಹಿಂದೆ, ತಗಡಿನ ನೆರಳಲ್ಲಿ, ಶರಣಬಸಮ್ಮ ರೊಟ್ಟಿ ಬಡಿಯುತ್ತಾ ಯಾರನ್ನೋ ಬೈಯುತ್ತಿದ್ದಳು. ಆಸ್ಪತ್ರೆಯ ದಿನಗಳಲ್ಲಿ ಇಳಿದುಹೋಗಿದ್ದ ಮೈ ಮತ್ತೆ ತುಂಬಿಕೊಂಡಿತ್ತು. ತಲೆಯೆತ್ತಿ ನೋಡಿದವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಯ್ಯ ಅಕ್ಕಾರ! ಯಾಕ್ರೀ, ದೆವ್ವ ನೋಡ್ದಂಗ ನೋಡಾಕತ್ತೀರಿ?"

"ನೀವು ಸತ್ತೇ ಹೋಗಿದ್ದೀರಿ ಅಂತ ಮಾಡಿದ್ದೆ ನಾನು!" ರತ್ನಾವತಿ ಅಳುತ್ತಲೇ ಬೈದಳು. "ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

"ಸತ್ತ್ರ ಈ ರೊಟ್ಟಿ ಯಾರು ಬಡೀಬೇಕ್ರೀ?" ಶರಣಬಸಮ್ಮ ಅವಳನ್ನು ಕೈ ಹಿಡಿದು ಕೂರಿಸಿದಳು. ಕತೆ ಹೊರಬಂತು. ಸೊಸೆಯ ಬಾಣಂತನಕ್ಕೆಂದು ಊರಿಗೆ ಹೋದವಳು ನಾಲ್ಕು ತಿಂಗಳು ಅಲ್ಲೇ ಉಳಿದಿದ್ದಳು. ಫೋನು ಬಾವಿಗೆ ಬಿತ್ತು, ಅದರೊಡನೆ ಎಲ್ಲರ ನಂಬರೂ ಮುಳುಗಿತು. ತಿರುಗಿ ಬಂದಾಗ ತಾರೀಖು ದಾಟಿತ್ತು. ಈಗ ಹೋದರೆ ಡಾಕ್ಟರು ಬೈಯುತ್ತಾರೆ ಎಂದು ಇನ್ನಷ್ಟು ದಾಟಿಸಿದಳು.

"ಮತ್ತ ಅವ್ರೇ ಆರಾಮಾಗೀರಿ ಅಂದ್ರಲ್ರೀ. ಆರಾಮಾದಾಕಿ ದವಾಖಾನಿಗಿ ಯಾಕ ಹೋಗ್ಬೇಕು? ನೀವು ಬಿಡ್ರಿ, ಶ್ಯಾಣ್ಯಾರು, ತಪ್ಪದಂಗ ಹೋಗಿರ್ತೀರಿ."

ರತ್ನಾವತಿ ಚೀಲದ ಫೈಲನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು, ಇಷ್ಟು ದಿನ ಅಭ್ಯಾಸವೂ ಆಗಿತ್ತು. "ಒಂಬತ್ತು ತಿಂಗಳಿಂದ ನಾನೂ ಹೋಗ್ಲಿಲ್ಲ ಶರಣಮ್ಮ. ಕೊನೆಗೆ ಎಲ್ಲ ಸರಿ ಉಂಟು ಅಂತ ಹೇಳಿದ್ರಲ್ಲ, ಆ ಮಾತು ಹಾಗೇ ಇರ್ಲಿ ಅಂತ. ಮತ್ತೆ ಆ ಪರದೆ ಹಿಂದೆ ಮಲಗ್ಲಿಕ್ಕೆ ಧೈರ್ಯ ಆಗ್ಲಿಲ್ಲ."

ಶರಣಬಸಮ್ಮ ನಗಲಿಲ್ಲ. ಒಂದು ರೊಟ್ಟಿ ಮಗುಚಿ ಹಾಕಿ, ಧ್ವನಿ ತಗ್ಗಿಸಿದಳು. "ಖರೆ ಹೇಳ್ಲೇನ್ರೀ? ಈಗೊಂದು ತಿಂಗಳಾತು, ನಂಗ ಮತ್ತ ಚೂರು ರಕ್ತ ಕಾಣಾಕತ್ತದ. ಯಾರಿಗೂ ಹೇಳಿಲ್ಲ."

ರತ್ನಾವತಿ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. "ಏಳಿ."

"ಇನ್ನೂ ಹನ್ನೆರಡು ರೊಟ್ಟಿ ಬಾಕಿ ಅದಾವ್ರೀ, ಹಮಾಲರು ಉಪಾಸ…"

"ನಾನು ತಟ್ಟುತ್ತೇನೆ" ಎಂದು ರತ್ನಾವತಿ ಹಿಟ್ಟಿಗೆ ಕೈ ಹಾಕಿದಳು. ಮೊದಲ ರೊಟ್ಟಿ ಭೂಪಟದಂತಾಯಿತು, ಎರಡನೆಯದು ಎರಡು ತುಂಡಾಯಿತು. ಮೂರನೆಯದನ್ನು ನೋಡಲಾರದೆ ಶರಣಬಸಮ್ಮ ಒಲೆಗೆ ನೀರು ಹೊಯ್ದಳು. ಆ ದಿನ ಹಮಾಲರು ಮುಂಡಪ್ಪನ ಹೋಟೆಲಿನ ಚಪಾತಿ ತಿಂದು ಗೊಣಗಿದರು.

ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟಿದಾಗ ಕೌಂಟರು ಮುಚ್ಚಲು ಹತ್ತು ನಿಮಿಷವಿತ್ತು. ಮಾನಸಿ ಎಂದರೆ ಉದ್ದ ಜಡೆಯ ತೆಳ್ಳಗಿನ ಹುಡುಗಿ. ಇಬ್ಬರನ್ನೂ ಒಟ್ಟಿಗೆ ನೋಡಿ "ಅರೆ ವಾಹ್" ಎಂದವಳು ಆಮೇಲೆ ಒಂದು ಮಾತೂ ಕೇಳದೆ ಚೀಟಿ ಮಾಡಿಸಿಕೊಟ್ಟಳು. ಬೈಯುವವರು ಯಾರೂ ಸಿಗಲಿಲ್ಲ.

ಪರದೆಯ ಹಿಂದೆ ಈ ಸಲ ರತ್ನಾವತಿ ಹಲ್ಲು ಕಚ್ಚಲಿಲ್ಲ. "ಮೆಲ್ಲಗೆ ಮಾಡಿ, ನನಗೆ ತುಂಬಾ ನೋಯ್ತದೆ" ಎಂದು ಹರಕು ಹಿಂದಿಯಲ್ಲಿ ಹೇಳಿಯೇ ಬಿಟ್ಟಳು. ಡಾಕ್ಟರಮ್ಮ ತಕ್ಷಣ ಕೈ ಹಿಂದೆ ತೆಗೆದು, ಸಣ್ಣ ಉಪಕರಣ ತರಿಸಿದರು. ಕರೆಂಟು ಕೊಟ್ಟ ಮೇಲೆ ಒಳದಾರಿ ಇಕ್ಕಟ್ಟಾಗುತ್ತದೆ, ಬಹಳ ಜನರಿಗೆ ಹೀಗೇ, ಅದಕ್ಕೆ ಪರಿಹಾರವೂ ಇದೆ, ಬಾಯಿಬಿಟ್ಟು ಹೇಳಬೇಕಷ್ಟೇ ಎಂದರು. ನೋವು ಆಯಿತು, ತಾಳಬಹುದಾದಷ್ಟು. ಮತ್ತೆ ಎಲ್ಲ ಸರಿ ಇತ್ತು. ಶರಣಬಸಮ್ಮನ ಒಳಗಿಂದ ಮಾತ್ರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹತ್ತು ದಿನ.

ಸಂಜೆ ಲೀಲಾಧರ "ಎಂತ ಹೇಳಿದ್ರು?" ಎಂದಾಗ ರತ್ನಾವತಿ ಅವನನ್ನು ಕೂರಿಸಿ, ಉಲ್ಹಾಸನಗರದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಅವನು ರಾತ್ರಿಗೆಂದು ತಂದಿದ್ದ ಊಟದ ಪೊಟ್ಟಣವನ್ನು ಬದಿಗೆ ಸರಿಸಿದ.

"ನಾನು ಬರ್ತೇನೆ ಅಂದ್ರೆ ಬೇಡ ಅಂತಿದ್ದಿ ನೀನು."

"ಗಂಡಸರು ಹೊರಗೆ ನಿಲ್ಲಬೇಕಲ್ಲ ಅಲ್ಲಿ."

"ಹೊರಗೆ ನಿಲ್ತಿದ್ದೆ" ಎಂದ ಲೀಲಾಧರ.

ಹತ್ತನೆಯ ದಿನ ಅವನು ಹೋಟೆಲಿಗೆ ರಜೆ ಹಾಕಿ ಜೊತೆಗೆ ಬಂದ. ಒಳಗೆ ಶರಣಬಸಮ್ಮ ರತ್ನಾವತಿಯ ಬೆರಳುಗಳನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದಳು. ಕಾಯಿಲೆ ಮರಳಿಲ್ಲ, ಕರೆಂಟಿನಿಂದ ಸುಟ್ಟ ಜಾಗ ಒಣಗಿ ರಕ್ತ ಬರುತ್ತಿದೆ, ಔಷಧಿಗೆ ನಿಲ್ಲುತ್ತದೆ ಎಂದರು ಡಾಕ್ಟರಮ್ಮ. ಬೇರೇನಾದರೂ ಆಗಿದ್ದಿದ್ದರೆ ಈ ಒಂದು ತಿಂಗಳು ಬಹಳ ದೊಡ್ಡದಾಗುತ್ತಿತ್ತು ಎಂದೂ ಸೇರಿಸಿದರು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಮಾನಸಿ ಮುಂದಿನ ತಾರೀಖು ಬರೆಯುವಾಗ ಶರಣಬಸಮ್ಮ ಕಿಟಕಿಯೊಳಗೆ ತಲೆ ತೂರಿಸಿದಳು. "ನಮ್ಮಿಬ್ರಿಗೂ ಒಂದೇ ದಿನ ಬರೀ ಅವ್ವಾ. ನನ್ನ ಫೋನಿನ ಭರವಸಿ ಇಲ್ಲ, ಅಕ್ಕಾರ ನಂಬರ ಹಾಕು."

ಮಾನಸಿ ಒಂದೇ ಗುರುವಾರದ ಕೆಳಗೆ ಎರಡು ಹೆಸರು ಬರೆದು, ಎರಡರ ಮುಂದೆಯೂ ರತ್ನಾವತಿಯ ನಂಬರು ಹಾಕಿದಳು.