ಬೀರಪ್ಪನಿಗೆ ಬಿಟ್ಟ ಗಾಡಿ

ಅಂಬಣ್ಣ ನಮ್ಮ ಹೊಸ ಗಾಡಿಯ ಬಲಗಡೆಯ ಕನ್ನಡಿಗೆ ಕರಿ ಉಣ್ಣೆಯ ದಾರ ಸುತ್ತಿ ಗಂಟು ಹಾಕಿದ. ಬಾನೆಟ್ಟಿನ ಮೇಲೆ ಬೊಗಸೆ ತುಂಬ ಭಂಡಾರದ ಅರಿಶಿನ ಎರಚಿದ. ಆಮೇಲೆ ಹಿಂದೆ ಹೋಗಿ ಡಿಕ್ಕಿಗೆ ಅಂಗೈಯಿಂದ ಒಂದು ಏಟು ಕೊಟ್ಟು ಕೂಗಿದ: “ಬೀರಪ್ಪನ ಹೆಸರ್ಲೆ ಬಿಟ್ಟೀನಿ! ಹೋಗು!”

ಗಾಡಿ ಎಲ್ಲಿಗೂ ಹೋಗಲಿಲ್ಲ. ನನ್ನ ಅತ್ತೆ ಬಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ಅಯ್ಯ ಅಂಬಣ್ಣಾ, ಏನ್ ಮಾಡ್ದಿ? ಇದು ಟಗರಲ್ಲೋ!”

ಅಂಬಣ್ಣ ತನ್ನ ಹಳದಿ ಕೈಗಳನ್ನೇ ನೋಡಿಕೊಂಡ. ಗುಂಜೋಟಿಯ ಹೊರಗಿನ ಈ ಗುಡಿಗೆ ಅವನೇ ಪೂಜಾರಿ. ಹರಕೆಯ ಟಗರುಗಳ ಕೊಂಬಿಗೆ ದಾರ ಕಟ್ಟಿ, ಬೆನ್ನು ತಟ್ಟಿ, ದೇವರಿಗೆ ಬಿಟ್ಟು ಬಿಟ್ಟು ಮುದುಕನಾದವನು. ಹೊಸ ಗಾಡಿಗಳು ಇಲ್ಲಿಗೆ ಬರುವುದಿಲ್ಲ, ಉಮರ್ಗಾದಲ್ಲೇ ನಿಂಬೆಹಣ್ಣು ತುಳಿದು ಮುಂದೆ ಹೋಗುತ್ತವೆ.

“ಕೈಗಿ ರೂಢಿ ಬಿದ್ದದ ಅಕ್ಕಾ. ಕೈ ನನ್ನ ಮಾತ ಕೇಳಲಿಲ್ಲ.”

“ಅಂದ್ರ?” ನನ್ನ ಗಂಡ ರೇವಣಸಿದ್ಧ ಕೀಲಿ ಹಿಡಿದುಕೊಂಡೇ ಮುಂದೆ ಬಂದರು.

“ಅಂದ್ರ ದ್ಯಾವರದ್ದಾತು. ಮಾರಂಗಿಲ್ಲ, ಕಟ್ಟಿ ಹಾಕಂಗಿಲ್ಲ. ಯಾರ ಸಂಗಟ ಹೋಗ್ತೀನಂತದ ಅವರ ಸಂಗಟ ಹೋಗ್ತದ. ಬ್ಯಾಡ ಅನ್ಲಾಕ ನೀ ಯಾರು?”

“ಮತ್ತ ಡೀಸೆಲ್ಲು?”

“ಮೇವು ಹಾಕೋದು ಸಾಕ್ದಂವನ ಪಾಲಿಗಿ.”

ನಾನು ನಗಲಿಲ್ಲ. ಈ ಎಸ್‌ಯುವಿ ಬಂದ ದಿನದಿಂದ ನಾನು ಅದರ ಸುತ್ತ ತಿರುಗುತ್ತಲೇ ಇದ್ದೆ. ಅದರ ಮೂಗು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಗಾಲಿಯ ಮುಂದೆ ಕೂತರೆ ಗಾಲಿಯೇ ನನ್ನನ್ನು ನೋಡಿದಂತಾಗುತ್ತದೆ. ಮದುವೆಗೆ ಮುಂಚೆ ಅಪ್ಪನ ಪಿಕಪ್ಪಿನಲ್ಲಿ ಕುರಿ ತುಂಬಿಕೊಂಡು ನಿಲಂಗಾದಿಂದ ಉದಗೀರದ ಸಂತೆಗೆ ಗಾಡಿ ಹೊಡೆಯುತ್ತಿದ್ದವಳು ನಾನು. ಲೈಸೆನ್ಸ್ ಈಗಲೂ ಪರ್ಸಿನಲ್ಲಿದೆ. ಆದರೆ ಕೀಲಿ ಕೇಳಿದಾಗೆಲ್ಲ ಗಂಡನದು ಒಂದೇ ಉತ್ತರ: “ಇದು ಆನಿ ಇದ್ದಂಗದ ಸುವರ್ಣಾ. ಹೆಣ್ಮಕ್ಕಳ ಮಾತ ಕೇಳಂಗಿಲ್ಲ.” ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಷ್ಟು ಬಲ ಪಾದದ ಕೆಳಗೆ ಬಂದಾಗ ಏನಾಗುತ್ತದೆ, ಅದೊಂದು ತಿಳಿಯಬೇಕಾಗಿತ್ತು.

“ಕಾಕಾ,” ಎಂದೆ ಅಂಬಣ್ಣನಿಗೆ, “ದ್ಯಾವರ ಟಗರು ನನ್ನ ಸಂಗಟ ಬರ್ತದಂದ್ರ ಯಾರನ್ನರೆ ಕೇಳಬೇಕೇನ್ರಿ?”

“ಯಾರನ್ನ ಕೇಳ್ತಿ ಯವ್ವಾ? ಅದಕ್ಕ ಧಣಿ ಎಲ್ಲಿದಾನ?”

ನಾನು ಗಂಡನ ಮುಂದೆ ಕೈ ಚಾಚಿದೆ. ಅವರು ತಾಯಿಯ ಮುಖ ನೋಡಿದರು.

“ಕೊಡೋ ರೇವಣ್ಯಾ. ದ್ಯಾವರ ಜೋಡಿ ಜಗಳ ತಗೀಬ್ಯಾಡ,” ಎಂದರು ಅತ್ತೆ. ನನ್ನ ಭುಜ ಹಿಡಿದು ಹಿಂದಿನ ಸೀಟಿಗೆ ಹತ್ತಿಯೇಬಿಟ್ಟರು.

ಕೀಲಿ ನನ್ನ ಕೈಗೆ ಬಂತು. ಸ್ಟೇರಿಂಗಿನ ಮುಂದೆ ಕೂತು ಸ್ಟಾರ್ಟಿನ ಗುಂಡಿ ಒತ್ತಿದೆ. ಗುಡುಗಬಹುದೆಂದುಕೊಂಡಿದ್ದೆ. ಪಿಕಪ್ಪು ಶುರುವಾದರೆ ಹಲ್ಲು ಕಟಕಟ ಅನ್ನುತ್ತಿದ್ದವು. ಇದು ಉಸಿರಾಡಿತು, ಅಷ್ಟೆ. ಸ್ಟೇರಿಂಗು ಒಂದು ಬೆರಳಿಗೆ ತಿರುಗಿತು. ಇಷ್ಟು ಬಲವಿರುವುದು ಇಷ್ಟು ಮೆಲ್ಲಗೆ ಯಾಕಿದೆ? ಎದುರಿನ ಪರದೆಯಲ್ಲಿ ಗಾಡಿಯನ್ನು ಆಕಾಶದಿಂದ ನೋಡಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಬೋಳು ತಲೆ, ಅಂಬಣ್ಣನದು. ಬೀರಪ್ಪ ನಮ್ಮನ್ನೆಲ್ಲ ಹೀಗೇ ನೋಡುತ್ತಾನೇನೋ.

ಪಕ್ಕದಲ್ಲಿ ಕೂತ ಗಂಡ ಸೆಖೆ ಎಂದು ಎಸಿ ಹಾಕಿದರು. ಬಾನೆಟ್ಟಿನ ಸಂದಿಗಿಳಿದಿದ್ದ ಭಂಡಾರವೆಲ್ಲ ಬುಸ್ಸೆಂದು ಒಳಗೆ ಹಾರಿ ಅವರ ಮೀಸೆಯ ಮೇಲೆ ಕೂತಿತು.

“ಥೂ! ಥೂ!”

“ಉಗುಳಬ್ಯಾಡೋ,” ಎಂದರು ಅತ್ತೆ ಹಿಂದಿನಿಂದ. “ದ್ಯಾವರು ಒಳಗ ಬಂದಾನ.”

ಉಮರ್ಗಾ ದಾಟಿ ಹೈದರಾಬಾದಿನ ದೊಡ್ಡ ರಸ್ತೆಗೆ ಬಿದ್ದಾಗ ಎಕ್ಸಲರೇಟರ್ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಹಾಯುವ ಮುಂಚೆ ಟಗರು ಹಿಂದೆ ಸರಿಯುತ್ತದಲ್ಲ, ಅಷ್ಟು ಹೊತ್ತು. ಆಮೇಲೆ ಬೆನ್ನು ಸೀಟಿಗೆ ಅಂಟಿತು. ರಸ್ತೆ ನಮ್ಮ ಕಡೆಗೆ ಓಡಿ ಬಂತು. ಹೊಟ್ಟೆಯೊಳಗೆ ಏನೋ ಒಂದು ಹಿಂದೆಯೇ ಉಳಿದು, ತಡವಾಗಿ ಬಂದು ಸೇರಿಕೊಂಡಿತು. ಅದು ಏನೆಂದು ನೋಡಲು ಕಾಲು ತೆಗೆದು ಮತ್ತೊಮ್ಮೆ ಒತ್ತಿದೆ.

“ಸಾವಕಾಶ! ಸಾವಕಾಶ!” ಗಂಡ ಮೇಲಿನ ಹಿಡಿಕೆಗೆ ಜೋತುಬಿದ್ದಿದ್ದರು.

“ಮಾತ ಕೇಳ್ಲತದಲ್ರೀ,” ಎಂದೆ.

ಮುಂದೆ ಕುರಿಹಿಂಡು ರಸ್ತೆ ದಾಟುತ್ತಿತ್ತು. ನಿಲ್ಲಿಸಿದೆ. ಗಂಡನಿಗೆ ಕುರಿ ಮಾರುವ ಖಂಡೆಪ್ಪನ ಹಿಂಡು. ಅವನ ಕಣ್ಣು ಕನ್ನಡಿಯ ದಾರಕ್ಕೆ ಬಿತ್ತು. ಬಾನೆಟ್ಟು ಮುಟ್ಟಿ ಹಣೆಗೊತ್ತಿಕೊಂಡು ಕಿಟಕಿಗೆ ಬಂದ.

“ದ್ಯಾವರಿಗಿ ಬಿಟ್ರೇನ್ರಿ ಸಾವಕಾರ? ಭಾಳ ದೊಡ್ಡ ಮನಸು! ನಾಳಿ ಹೆಣ್ತಿಗಿ ದವಾಖಾನಿಗಿ ಒಯ್ಯದದ. ಗಾಡಿಗಿ ಮುಂಜಾನಿ ಬರ್ತೀನ್ರಿ.”

ಗಂಡ ಹಳದಿ ಮೀಸೆಯನ್ನು ಒರೆಸಿಕೊಂಡರು. ಖಂಡೆಪ್ಪ ಕುರಿಗಳ ಕಡೆ ಹೋದಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿದರು.

“ಅವ್ವಾ, ಇದಕ್ಕ ಬಿಡುಗಡಿ ಇಲ್ಲೇನು?”

“ಅದ. ಬದಲಿಗಿ ಒಂದು ಖರೇ ಟಗರು ಬಿಡಬೇಕು. ಆದ್ರ ಮೊದಲ ಯಾರ ಸಂಗಟ ಹೋಯ್ತು, ಅವರು ಹೂಂ ಅನಬೇಕು.”

ಗಂಡ ನನ್ನ ಕಡೆ ತಿರುಗಿದರು. ವ್ಯಾಪಾರಕ್ಕೆ ಕೂತಾಗ ಬರುವ ದನಿ ಬಂತು.

“ನೋಡು ಸುವರ್ಣಾ. ನಿನಗ ಸ್ಕೂಟಿ ಕೊಡಸ್ತೀನಿ. ಹೊಸಾದು. ಕೆಂಪಂದು. ನಿನ್ನ ಹೆಸರ್ಲೆ. ಎಲ್ಲಿ ಬೇಕಲ್ಲಿ ತಿರುಗು, ಯಾರೂ ಕೇಳಂಗಿಲ್ಲ. ಒಂದ್ ಸಲ ಹೂಂ ಅನ್ನು.”

ಕೊನೆಯ ಮರಿ ರಸ್ತೆ ದಾಟಿತು. ನಾನು ಗೇರಿಗೆ ಕೈ ಹಾಕಿದೆ.

“ಒಲ್ಲೆ.”